ಕೊನೆಯ ಸಾಲಿನ ಷರಾ

ಫೆಬ್ರವರಿ 3, ಸೋಮವಾರ

ಅರವತ್ತೆರಡು ಜನ. ಕೆಮ್ಮು, ಕೆಮ್ಮು, ಮತ್ತೆ ಕೆಮ್ಮು. ಕೊನೆಯ ರೋಗಿ ಎದ್ದು ಹೋಗುವಷ್ಟರಲ್ಲಿ ನನ್ನ ಗಂಟಲಲ್ಲೇ ಕೆರೆತ ಶುರುವಾಗಿತ್ತು.

ಆರೋಗ್ಯ ಕಚೇರಿಯಿಂದ ನಾಲ್ಕು ಪುಟದ ಪ್ರಶ್ನಾವಳಿ ಬಂದಿದೆ. ನಮ್ಮಂಥ ಸಣ್ಣ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಲ್ಯಾಬ್ ಪರೀಕ್ಷೆಗಳ ಬಗ್ಗೆ ಎಷ್ಟು ಗೊತ್ತಿದೆ, ಅವುಗಳ ಬಗ್ಗೆ ಏನಂದುಕೊಂಡಿದ್ದೇವೆ ಎಂದು ತಿಳಿಯಬೇಕಂತೆ. ಚಹಾ ಕುಡಿಯುತ್ತಾ ಹತ್ತು ನಿಮಿಷದಲ್ಲಿ ತುಂಬಿಸಿ ಬಿಸಾಡಿದೆ. ‘ಯಾವ ಪರೀಕ್ಷೆ ಬರೆಯಬೇಕೆಂದು ಅನುಮಾನ ಬರುವುದುಂಟೇ?’ ಇಲ್ಲ. ‘ವರದಿಯ ಬಗ್ಗೆ ಲ್ಯಾಬಿನ ವೈದ್ಯರ ಜೊತೆ ಮಾತನಾಡುತ್ತೀರಾ?’ ಇಲ್ಲ. ಇಪ್ಪತ್ತಾರು ವರ್ಷ ಇದೇ ಕುರ್ಚಿಯಲ್ಲಿ ಕೂತ ಮೇಲೆ ಯಾರಿಗೆ ಫೋನು ಮಾಡಿ ಏನಂತ ಕೇಳಲಿ?

ಮನೆಯಲ್ಲಿ ಅಪ್ಪನಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು. ಒಂದು ಸ್ಟೆತೊಸ್ಕೋಪು, ಒಂದು ಟಾರ್ಚು ಇಟ್ಟುಕೊಂಡು ಐವತ್ತು ವರ್ಷ ಊರನ್ನು ನೋಡಿಕೊಂಡವರು. “ಮೊದಲು ರೋಗಿ ಬಂದು ನಾಲಿಗೆ ತೋರಿಸ್ತಿದ್ದ. ಈಗ ಕಾಗದ ತೋರಿಸ್ತಾನೆ” ಅಂದರು. ನನಗೆ ಕೈಹಿಡಿದು ಕಲಿಸಿದ್ದೂ ಅವರೇ. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ರಕ್ತ ಎಷ್ಟಿದೆ ಅಂತ ಹೇಳಬಲ್ಲೆ.

ಅಕ್ಕನಿಗೆ ಯಾಕೋ ಬೆನ್ನುನೋವಂತೆ. ಅಕ್ಕ ಅಂದರೆ ನಮ್ಮ ಕೇಂದ್ರದ ನರ್ಸು. ನನಗಿಂತ ನಾಲ್ಕೇ ವರ್ಷ ದೊಡ್ಡವಳು, ಆದರೆ ಬಾಣಂತಿಯಿಂದ ಹಿಡಿದು ಹಲ್ಲಿಲ್ಲದ ಅಜ್ಜನವರೆಗೆ ಎಲ್ಲರಿಗೂ ಅವಳು ಅಕ್ಕ, ನನಗೂ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ‘ನನಗೆ ಹುಷಾರಿಲ್ಲ’ ಅಂದವಳಲ್ಲ. “ಆ ಔಷಧಿ ಪೆಟ್ಟಿಗೆ ಎತ್ತಬೇಡ ಅಂದ್ರೆ ಕೇಳ್ತೀಯಾ?” ಎಂದು ಗದರಿ ಮಾತ್ರೆ ಕೊಟ್ಟೆ. ಸುಸ್ತು ಅಂತಲೂ ಅಂದಳು. ಸುಮ್ಮನೆ ಒಂದು ರಕ್ತಪರೀಕ್ಷೆ ಬರೆದೆ.

ಫೆಬ್ರವರಿ 11, ಮಂಗಳವಾರ

ಅಕ್ಕನ ರಿಪೋರ್ಟು ಬಂತು. ರಕ್ತ ಕಡಿಮೆ, 9.6. ನಾನು ರೆಪ್ಪೆ ನೋಡಿ ಹೇಳಿದ್ದು ಹತ್ತರ ಹತ್ತಿರ. ಪರವಾಗಿಲ್ಲ, ಕಣ್ಣಿನ್ನೂ ಚುರುಕಾಗಿದೆ. ಮೈಯಲ್ಲಿ ಉರಿಯೂತ ಇದ್ದರೆ ಏರುವ ಇಎಸ್‌ಆರ್ 112. ಅದು ಯಾರಿಗೆ ಏರುವುದಿಲ್ಲ, ನೆಗಡಿಯಾದರೂ ಏರುತ್ತದೆ.

ಲಕೋಟೆ ಒಡೆದು ರಿಪೋರ್ಟನ್ನು ಮೇಜಿನ ಮೇಲಿಡುವವಳು ಅಕ್ಕನೇ. ಇವತ್ತು ತನ್ನದನ್ನು ತಾನೇ ಇಟ್ಟಳು. “ಡಾಕ್ಟ್ರಮ್ಮ, ಕೆಳಗೆ ಷರಾ ಅಂತ ಏನೋ ಬರೆದಿದ್ದಾರೆ ನೋಡಿ” ಅಂದಳು.

“ಅವರಿಗೆ ಕಾಗದದಲ್ಲಿ ಜಾಗ ಉಳಿಯುತ್ತೆ ಅಕ್ಕಾ. ತುಂಬಿಸಬೇಕಲ್ಲ” ಅಂದೆ.

ಅವಳೂ ನಕ್ಕಳು. ಕಬ್ಬಿಣದ ಮಾತ್ರೆ ಬರೆದೆ. ನೋವಿಗೆ ದಿನಕ್ಕೆ ಎರಡು.

ಮಾರ್ಚ್ 6, ಗುರುವಾರ

ನೋವು ಹೋಗಿಲ್ಲವಂತೆ. ಮಾತ್ರೆಯನ್ನು ಸ್ವಲ್ಪ ಜೋರಿನದಕ್ಕೆ ಬದಲಾಯಿಸಿದೆ. ಲಸಿಕೆಯ ದಿನ ಮಗುವನ್ನು ಹಿಡಿದುಕೊಳ್ಳಲು ಬಾಗಿದವಳು ಒಂದು ಕ್ಷಣ ಹಾಗೇ ನಿಂತುಬಿಟ್ಟಳು. ಮಗುವಿನ ತಾಯಿಗೆ ಗೊತ್ತಾಗದ ಹಾಗೆ ಸಾವರಿಸಿಕೊಂಡಳು. ನನಗೆ ಗೊತ್ತಾಯಿತು.

ಏಪ್ರಿಲ್ 22, ಮಂಗಳವಾರ

ಅಕ್ಕನಿಗೆ ನೋವಿನ ಇಂಜೆಕ್ಷನ್ ಕೊಟ್ಟೆ. ಮೈ ಇಳಿದಿದೆ. “ಡಯಟ್ಟಾ?” ಅಂತ ರೇಗಿಸಿದೆ. “ಊಟವೇ ಸೇರಲ್ಲ, ಯಾವಾಗಲೂ ಬಾಯಾರಿಕೆ” ಅಂದಳು. ವಯಸ್ಸು ಅಕ್ಕಾ, ನಮ್ಮಿಬ್ಬರಿಗೂ ವಯಸ್ಸಾಯಿತು.

ಐವತ್ತೆಂಟು ಜನ.

ಜೂನ್ 17, ಮಂಗಳವಾರ

ಹನ್ನೊಂದು ಗಂಟೆಯ ಹೊತ್ತಿಗೆ ಲಸಿಕೆಯ ತಂಪುಪೆಟ್ಟಿಗೆ ಎತ್ತಲು ಹೋಗಿದ್ದಾಳೆ. ನಾನು ಒಳಗೆ ಒಬ್ಬರ ಎದೆಗೆ ಸ್ಟೆತೊಸ್ಕೋಪು ಇಟ್ಟಿದ್ದೆ. ಹೊರಗಿಂದ ಒಂದು ಸದ್ದು. ಕೂಗಿದ ಸದ್ದಲ್ಲ, ಉಸಿರು ಸಿಕ್ಕಿಹಾಕಿಕೊಂಡ ಹಾಗೆ. ಓಡಿಹೋದರೆ ಅಕ್ಕ ನೆಲದ ಮೇಲೆ ಮಂಡಿಯೂರಿದ್ದಳು. ಪೆಟ್ಟಿಗೆ ಮಾತ್ರ ಕೆಳಗೆ ಬೀಳದ ಹಾಗೆ ಎದೆಗವಚಿಕೊಂಡಿದ್ದಳು.

“ಏನೋ ಮುರೀತು ಡಾಕ್ಟ್ರಮ್ಮ” ಅಂದಳು.

ದೊಡ್ಡಾಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸಿದೆ. ಅವಳ ಗಂಡ ಬಸ್ ಡ್ರೈವರು, ನಿವೃತ್ತರಾಗಿದ್ದಾರೆ. ಚಪ್ಪಲಿಯಿಲ್ಲದೆ ಓಡಿಬಂದು ಆಂಬುಲೆನ್ಸ್ ಹತ್ತಿದರು. ಡಿಸ್ಕು ಜಾರಿರಬೇಕು. ಮೂರು ವಾರ ಮಲಗಿದರೆ ಸರಿಹೋದೀತು.

ಜೂನ್ 18, ಬುಧವಾರ

ದೊಡ್ಡಾಸ್ಪತ್ರೆಯಿಂದ ಫೋನು ಬಂತು. ಚಿಕ್ಕ ವಯಸ್ಸಿನ ವೈದ್ಯೆ, ನಮ್ರವಾಗಿಯೇ ಮಾತಾಡಿದಳು. ಬೆನ್ನಿನ ಎರಡು ಮೂಳೆ ಕುಸಿದಿವೆ. ಮೂತ್ರಪಿಂಡಗಳು ಹೆಚ್ಚೂಕಡಿಮೆ ನಿಂತಿವೆ. ಡಯಾಲಿಸಿಸ್ ಬೇಕಾಗುತ್ತದೆ.

“ಮೇಡಂ, ಇವರಿಗೆ ನೋವಿನ ಮಾತ್ರೆ ಯಾರು ಕೊಡ್ತಿದ್ರು? ಎಷ್ಟು ದಿನದಿಂದ?”

“ನಾನೇ” ಅಂದೆ. ನಾಲ್ಕು ತಿಂಗಳು ಅಂದೆ. ಅವಳು “ಸರಿ ಮೇಡಂ, ಬರ್ಕೊಳ್ತೀನಿ” ಅಂದಳು.

ಆಮೇಲೆ ಮೂವತ್ತು ರೋಗಿಗಳನ್ನು ನೋಡಿದೆ. ಯಾರನ್ನು ನೋಡಿದೆ, ಏನು ಬರೆದೆ, ಒಂದೂ ನೆನಪಿಲ್ಲ.

ಜೂನ್ 19, ಗುರುವಾರ

ಮೂಳೆಮಜ್ಜೆಯ ಕ್ಯಾನ್ಸರ್.

ಅಕ್ಕನ ಫೈಲು ತೆಗೆದೆ. ಫೆಬ್ರವರಿಯ ರಿಪೋರ್ಟು. ಎರಡನೆಯ ಪುಟ, ಕೆಳಗಡೆ, ಷರಾ: ‘ಕೆಂಪು ರಕ್ತಕಣಗಳು ನಾಣ್ಯ ಪೇರಿಸಿದಂತೆ ಒಂದರ ಮೇಲೊಂದು ಅಂಟಿಕೊಂಡಿವೆ. ಇಎಸ್‌ಆರ್ ತೀರಾ ಹೆಚ್ಚು. ಬೆನ್ನುನೋವು ಇದೆಯೆಂದು ನಮೂದಾಗಿರುವುದರಿಂದ ರಕ್ತದ ಪ್ರೊಟೀನ್ ಪರೀಕ್ಷೆ ಮಾಡಿಸುವುದು ಅಗತ್ಯ.’ ಅದರ ಪಕ್ಕದಲ್ಲಿ ನೀಲಿ ಶಾಯಿಯ ಒಂದು ಗೀಟು, ನನ್ನ ಸಹಿ. ನೋಡಿದ್ದೇನೆ ಎಂಬುದಕ್ಕೆ ಗುರುತು.

ಈ ಕ್ಯಾನ್ಸರ್ ಇರುವವರಿಗೆ ಆ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ವಿಷ. ಇದು ನನಗೆ ಗೊತ್ತಿರುವ ವಿಷಯ. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆದು ಅಂಕ ತೆಗೆಯುತ್ತಿದ್ದೆ. ದಿನಕ್ಕೆ ಎರಡರಂತೆ ಇನ್ನೂರೈವತ್ತು ಮಾತ್ರೆ ನನ್ನ ಕೈಯಿಂದಲೇ ಕೊಟ್ಟಿದ್ದೇನೆ.

ಈ ಪುಸ್ತಕದಲ್ಲಿ ಹಿಂದಕ್ಕೆ ಹೋಗಿ ಫೆಬ್ರವರಿ 11 ಓದಿದೆ. ಅಷ್ಟು ಖುಷಿಯಾಗಿ ಬರೆದಿದ್ದೇನೆ. ಯಾರೋ ಬೇರೆಯವರು ಬರೆದ ಹಾಗಿದೆ.

ಲ್ಯಾಬಿಗೆ ಫೋನು ಮಾಡಿದೆ. ಷರಾ ಬರೆದ ಡಾಕ್ಟರೇ ಸಿಕ್ಕಿದರು. ತುಂಬ ಮೆತ್ತಗಿನ ದನಿ. ಅಕ್ಕನ ವಿಷಯ ಹೇಳಿದೆ. ತಡೆಯಲಾರದೆ, “ಇಷ್ಟು ಮುಖ್ಯವಾದದ್ದನ್ನ ಒಂದು ಫೋನ್ ಮಾಡಿ ಹೇಳಬಹುದಿತ್ತಲ್ಲ?” ಅಂದುಬಿಟ್ಟೆ.

ಅವರು ಅಂದರು: “ಮಾಡಬೇಕಿತ್ತು ಮೇಡಂ. ತಪ್ಪು ನನ್ನದೂ ಇದೆ. ಎರಡು ವರ್ಷದ ಹಿಂದೆ ಬೇರೊಬ್ಬರ ವಿಷಯಕ್ಕೆ ಒಂದ್ಸಲ ಮಾಡಿದ್ದೆ. ನೀವು, ‘ರೋಗಿ ಕೂತಿರೋದು ನಿಮ್ಮ ಮುಂದಾ, ನನ್ನ ಮುಂದಾ?’ ಅಂತ ಕೇಳಿದ್ರಿ. ಆಮೇಲೆ ನಾನು ಮಾಡಲಿಲ್ಲ.”

ನನಗೆ ನೆನಪೇ ಇಲ್ಲ. ಆದರೆ ಆ ಮಾತು ನನ್ನದೇ. ಬೇರೆ ಯಾರ ಬಾಯಲ್ಲೂ ಹಾಗೆ ಬರುವುದಿಲ್ಲ.

ಜೂನ್ 23, ಸೋಮವಾರ

ಆಸ್ಪತ್ರೆಗೆ ಹೋಗಿದ್ದೆ. ಅಕ್ಕ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದಳು. ಕಣ್ಣು ಮುಚ್ಚಿತ್ತು. ಹೊರಗೆ ಬೆಂಚಿನ ಮೇಲೆ ಅವಳ ಗಂಡ ನನ್ನ ಎರಡೂ ಕೈ ಹಿಡಿದುಕೊಂಡು, “ನೀವು ಇದ್ದದ್ದಕ್ಕೆ ಇಷ್ಟು ದಿನ ತಡ್ಕೊಂಡ್ಲು ಡಾಕ್ಟ್ರಮ್ಮ. ಮಾತ್ರೆನಾದ್ರೂ ತಪ್ಪದೆ ಕೊಟ್ರಲ್ಲ” ಅಂದರು.

ಹೇಳಬೇಕೆಂದೇ ಹೋಗಿದ್ದೆ. ಹೇಳಲಿಲ್ಲ. ಮನೆಗೆ ಬಂದೆ.

ಜೂನ್ 24

ಹೇಳಲಿಲ್ಲ.

ಜುಲೈ 2, ಬುಧವಾರ

ಹೇಳಿದೆ.

ಅಕ್ಕನಿಗೆ ಇವತ್ತು ದಿಂಬಿಗೆ ಒರಗಿ ಕೂರಲು ಬಿಟ್ಟಿದ್ದರು. ಗಂಡನೂ ಪಕ್ಕದಲ್ಲಿದ್ದರು. ಅವರಿಗೂ ಗೊತ್ತಾಗಲಿ ಎಂದು ಬಾಗಿಲು ಹಾಕಿ ಕುರ್ಚಿ ಎಳೆದುಕೊಂಡು ಕೂತೆ. ರಿಪೋರ್ಟು ತೆಗೆದು ತೋರಿಸಿದೆ. ಏನು ಬರೆದಿತ್ತು, ನಾನೇನು ಮಾಡಬೇಕಿತ್ತು, ಏನು ಮಾಡಿದೆ, ಆ ಮಾತ್ರೆಯಿಂದ ಏನಾಯಿತು, ಎಲ್ಲ ಹೇಳಿದೆ. ರೋಗ ಬಂದದ್ದು ನನ್ನಿಂದಲ್ಲ. ಆದರೆ ನಾಲ್ಕು ತಿಂಗಳು ಹಾಳಾದದ್ದು, ಮೂತ್ರಪಿಂಡ ಕೆಟ್ಟದ್ದು ನನ್ನಿಂದ. ಬೆನ್ನು ಮುರಿದದ್ದೂ ಬಹುಶಃ ತಪ್ಪುತ್ತಿತ್ತು.

ಡ್ರೈವರು ಎದ್ದು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ಮತ್ತೆ ತಿರುಗಲಿಲ್ಲ.

ಅಕ್ಕ ರಿಪೋರ್ಟನ್ನು ಮಡಿಲಲ್ಲಿಟ್ಟುಕೊಂಡು ಓದಿದಳು. “ನಾನೇ ತೋರಿಸಿದ್ನಲ್ಲ” ಅಂದಳು. ಸಿಟ್ಟಿನಿಂದಲ್ಲ, ಲೆಕ್ಕಕ್ಕೆ ಸಿಗದ ಯಾವುದನ್ನೋ ಹುಡುಕುವವಳ ಹಾಗೆ. “ನೀವು ನಕ್ಕಿರಿ. ನಾನೂ ನಕ್ಕೆ.”

“ಹೂಂ.”

“ನನಗೆ ಓದೋಕೆ ಬರಲ್ವಾ ಡಾಕ್ಟ್ರಮ್ಮ? ‘ಅಗತ್ಯ’ ಅಂತ ಬರೆದಿತ್ತು. ನೀವು ಬೇಡ ಅಂದ್ಮೇಲೆ ಬೇಡ ಅಂದ್ಕೊಂಡೆ. ನಿಮಗಿಂತ ಕಾಗದಕ್ಕೆ ಜಾಸ್ತಿ ಗೊತ್ತಿರುತ್ತಾ ಅಂತ.”

ನಾನು ಅತ್ತೆ. ಅವಳು ಅಳಲಿಲ್ಲ. ನನ್ನನ್ನು ಸಮಾಧಾನವೂ ಮಾಡಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ಕಣ್ಣು ಒರೆಸಿಕೊಂಡಾಗಲೆಲ್ಲ ಒಂದು ಲೋಟ ನೀರು ತಂದಿಡುತ್ತಿದ್ದವಳು. ಇವತ್ತು ಸುಮ್ಮನೆ ನೋಡುತ್ತಾ ಇದ್ದಳು.

ಹೊರಡುವಾಗ ಕರೆದಳು. “ನನ್ನದೊಂದೇನಾ?” ಅಂದಳು.

ಅರ್ಥವಾಗಲಿಲ್ಲ.

“ದಿನಾ ಲಕೋಟೆ ಒಡೆದು ಇಡ್ತಿದ್ದವಳು ನಾನು. ಷರಾ ಇರೋ ಕಾಗದ ನನ್ನದೊಂದೇ ಅಲ್ಲ. ತೆಗೆದು ನೋಡಿ.”

ಜುಲೈ 5, ಶನಿವಾರ

ಎರಡು ವರ್ಷದ ಲ್ಯಾಬ್ ರಿಪೋರ್ಟುಗಳು ಏಳು ರಟ್ಟಿನ ಪೆಟ್ಟಿಗೆಯಲ್ಲಿವೆ. ಪೆಟ್ಟಿಗೆಯ ಮೇಲೆಲ್ಲ ಅಕ್ಕನ ದುಂಡು ಅಕ್ಷರ. ಮಧ್ಯಾಹ್ನ ಕೇಂದ್ರ ಮುಚ್ಚಿದ ಮೇಲೆ ಮೊದಲನೆಯದನ್ನು ತೆಗೆದೆ. ಮುನ್ನೂರು ಕಾಗದ. ಹನ್ನೊಂದರಲ್ಲಿ ಷರಾ. ಹನ್ನೊಂದಕ್ಕೂ ನನ್ನ ನೀಲಿ ಗೀಟು ಬಿದ್ದಿದೆ. ಎಂಟು ಏನೂ ತೊಂದರೆಯಿಲ್ಲದವು. ಮೂರು ಗೊತ್ತಾಗಲಿಲ್ಲ. ಲ್ಯಾಬಿನ ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಒಂದೊಂದೂ ಬಿಡಿಸಿ ಹೇಳಿದರು. ಒಂದು ಥೈರಾಯ್ಡಿನದು. ಅದರ ಅಂಕಿಗಳನ್ನು ನಾನು ಎರಡು ವರ್ಷದಿಂದ ತಿರುಗಾಮುರುಗಾ ಓದಿಕೊಂಡಿದ್ದೆ ಅನಿಸುತ್ತದೆ.

ಜುಲೈ 12, ಶನಿವಾರ

ನಾಲ್ಕನೇ ಪೆಟ್ಟಿಗೆ. ಕರೆಸಬೇಕಾದವರು ಒಂಬತ್ತು ಜನ. ಆರು ಜನ ಬಂದುಹೋದರು. ಹೊಲಿಗೆ ಅಂಗಡಿಯ ಹೆಂಗಸಿಗೆ ಸಕ್ಕರೆ ಕಾಯಿಲೆ ಶುರುವಾಗಿ ಒಂದು ವರ್ಷವಾಗಿದೆ. ‘ಕಣ್ಣು ಮಂಜು, ದಾರ ಪೋಣಿಸೋಕೆ ಆಗ್ತಿಲ್ಲ’ ಅಂತ ಅವಳು ಬಂದಾಗ ನಾನು ಕನ್ನಡಕ ಹಾಕಿಕೋ ಅಂದಿದ್ದೆ. ಅವಳಿಗೂ ಹೇಳಿದೆ. ಬೈದಳು. ಬೈಯಲಿ.

ಇತ್ತೀಚೆಗೆ ದಿನಕ್ಕೆ ಮೂವತ್ತೈದು ಜನರನ್ನೂ ನೋಡಿ ಮುಗಿಸಲು ಆಗುತ್ತಿಲ್ಲ. ಅಕ್ಕ ಇಲ್ಲದ್ದಕ್ಕೇ ಇರಬೇಕು. ಸಾಲಿನಲ್ಲಿ ಕೂತವರು ಗೊಣಗುತ್ತಾರೆ.

ಜುಲೈ 20, ಭಾನುವಾರ

ಆರನೇ ಪೆಟ್ಟಿಗೆ.

ಕಳೆದ ವರ್ಷ ಜೂನ್ ತಿಂಗಳ ಒಂದು ಗುರುವಾರದ ರಿಪೋರ್ಟು. ‘ಪೊಟ್ಯಾಶಿಯಂ 6.9. ರಕ್ತದ ಮಾದರಿ ಸರಿಯಾಗಿದೆ. ರೋಗಿಯನ್ನು ಕೂಡಲೇ ನೋಡಿ, ಮತ್ತೊಮ್ಮೆ ರಕ್ತ ಕಳಿಸಿ.’ ಅದರ ಮೇಲೂ ಗೀಟು. ಶುಕ್ರವಾರದ ತಾರೀಖು.

ಚೌಕದ ಹತ್ತಿರದ ಕ್ಷೌರದಂಗಡಿಯವರದು. ಬಿಪಿಗೆ ನಾನೇ ಮಾತ್ರೆ ಕೊಡುತ್ತಿದ್ದೆ. ಆ ಮಾತ್ರೆಯಿಂದ ಕೆಲವರಿಗೆ ಪೊಟ್ಯಾಶಿಯಂ ಏರುತ್ತದೆ, ಅಷ್ಟು ಏರಿದರೆ ಹೃದಯ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಶನಿವಾರ ಬೆಳಿಗ್ಗೆ ಅವರು ಅಂಗಡಿಯಲ್ಲಿ, ಗಿರಾಕಿಗಳನ್ನು ಕೂರಿಸುವ ಕುರ್ಚಿಯಲ್ಲೇ ಕೂತವರು ಮತ್ತೆ ಏಳಲಿಲ್ಲ. ನನ್ನನ್ನೇ ಕರೆಸಿದ್ದರು. ನಾಡಿ ನೋಡಿ, ಕಣ್ಣಿಗೆ ಟಾರ್ಚು ಹಾಕಿ, ಹೃದಯಾಘಾತ ಎಂದು ಬರೆದುಕೊಟ್ಟೆ. ಐವತ್ತೊಂದು ವರ್ಷ.

ಹಿಂದಿನ ದಿನವಷ್ಟೇ ಗೀಟು ಹಾಕಿದ್ದೆ.

ಜುಲೈ 21, ಸೋಮವಾರ

ಫೈಲಿನಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಅವರ ಹೆಂಡತಿ ಎತ್ತಿಕೊಂಡರು. “ಒಂದು ವಿಷಯ ಮಾತಾಡಬೇಕು, ಮನೆಗೆ ಬರಲಾ?” ಅಂದೆ. “ನಮ್ಮನೆಗೆ ಯಾರೂ ಬರೋದಿಲ್ಲ ಡಾಕ್ಟ್ರಮ್ಮ, ಬನ್ನಿ” ಅಂದರು. ಭಾನುವಾರ ಬರುತ್ತೇನೆ ಅಂದೆ. ಅದಕ್ಕಿಂತ ಮುಂಚೆ ಹೋಗುವ ಧೈರ್ಯ ಇರಲಿಲ್ಲ.

ಜುಲೈ 24, ಗುರುವಾರ

ಅಕ್ಕನಿಗೆ ಡಯಾಲಿಸಿಸ್ ನಿಲ್ಲಿಸಿದ್ದಾರೆ. ಮೂತ್ರಪಿಂಡ ಅರ್ಧದಷ್ಟು ಚೇತರಿಸಿಕೊಂಡಿದೆಯಂತೆ. ಕ್ಯಾನ್ಸರ್ ಔಷಧಿಗೂ ದೇಹ ಒಗ್ಗಿಕೊಳ್ಳುತ್ತಿದೆ. ವಾಸಿಯಾಗುವ ರೋಗವಲ್ಲ, ಆದರೆ ವರ್ಷಗಟ್ಟಲೆ ಹಿಡಿದಿಡಬಹುದು. ಫೋನಿನಲ್ಲಿ ಕೇಳಿ ತಿಳಿದುಕೊಂಡೆ. ಡ್ರೈವರು ನನ್ನ ಜೊತೆ ಮಾತಾಡುತ್ತಿಲ್ಲ. ಫೋನನ್ನು ಅಕ್ಕನಿಗೆ ಕೊಡುತ್ತಾರೆ, ಅಷ್ಟೇ.

ಅಕ್ಕ ಕೇಳಿದಳು, “ಎಷ್ಟು ಪೆಟ್ಟಿಗೆ ಆಯ್ತು?”

“ಏಳೂ ಆಯ್ತು.”

“ಸಿಕ್ಕಿತಾ?”

ಹೇಳಿದೆ. “ಅವರ ಲಕೋಟೆನೂ ನಾನೇ ಒಡೆದಿರಬೇಕು” ಅಂದಳು.

ಜುಲೈ 26, ಶನಿವಾರ

ಆರೋಗ್ಯ ಕಚೇರಿಗೆ ಎಲ್ಲವನ್ನೂ ಬರೆದು ಕಳಿಸಿದೆ. ವಿಚಾರಣೆ ಮಾಡುತ್ತಾರೆ. ಮಾಡಲಿ.

ಅಪ್ಪನಿಗೆ ನಾಳೆ ಎಲ್ಲಿಗೆ ಹೋಗುತ್ತೇನೆಂದು ಹೇಳಿದೆ. ಊಟದ ತಟ್ಟೆಯ ಮುಂದೆ ಕೈ ನಿಲ್ಲಿಸಿದರು. “ಹೋಗಬೇಡ” ಅಂದರು. “ಸತ್ತವನು ಎದ್ದು ಬರ್ತಾನಾ? ಆ ಹೆಂಗಸು ಹೇಗೋ ಒಂದು ಸಮಾಧಾನಕ್ಕೆ ಬಂದಿರ್ತಾಳೆ. ಅದನ್ನ ಕೆದಕಿ ನಿನಗೇನು ಸಿಗುತ್ತೆ?”

ಅವರು ಹೇಳುವುದರಲ್ಲಿ ಅರ್ಥವಿದೆ ಅನಿಸಿತು.

ತಟ್ಟೆ ಎತ್ತುವಾಗ ಅವರೇ ಮತ್ತೆ ಶುರು ಮಾಡಿದರು. “ನನಗೂ ಒಬ್ಬಳಿದಾಳೆ. ನೀನಿನ್ನೂ ಹುಟ್ಟಿರಲಿಲ್ಲ. ಹೊಟ್ಟೆನೋವು ಅಂತ ಬಂದಳು. ಹುಡುಗಿ, ಹತ್ತೊಂಬತ್ತು ವರ್ಷ. ಬಸುರಿಯಾ ಅಂತ ಒಂದು ಪರೀಕ್ಷೆ ಮಾಡಿಸಬೇಕಿತ್ತು. ಮದುವೆಯಾಗದ ಹುಡುಗಿ, ಕೇಳೋದು ಹೇಗೆ ಅಂತ ಬಿಟ್ಟೆ. ಗ್ಯಾಸು ಅಂದೆ. ಎರಡನೇ ದಿನ ಸತ್ತಳು. ಹೊಟ್ಟೆ ತುಂಬ ರಕ್ತ. ಅವರಪ್ಪ ನನ್ನ ಕಾಲಿಗೆ ಬಿದ್ದು, ನಿಮ್ಮ ಕೈಲಾದದ್ದು ಮಾಡಿದ್ರಿ ಅಂದ. ಹೌದು ಅಂದೆ.”

ನನ್ನ ಐವತ್ತೆರಡು ವರ್ಷದಲ್ಲಿ ಈ ಮಾತು ಈ ಮನೆಯಲ್ಲಿ ಒಮ್ಮೆಯೂ ಬಂದದ್ದಿಲ್ಲ. ನನಗೆ ಕೈಹಿಡಿದು ಕಲಿಸಿದ ಕೈಗಳನ್ನೇ ನೋಡುತ್ತಾ ಕೂತೆ. ತಟ್ಟೆಯನ್ನು ತಾವೇ ತೊಳೆದಿಟ್ಟು ಒಳಗೆ ಹೋದರು.

ಜುಲೈ 27, ಭಾನುವಾರ

ಎರಡು ಕೋಣೆಯ ಮನೆ. ಹೊರಗಿನ ಕೋಣೆಯಲ್ಲಿ ಒಂದು ಮಂಚ, ಎರಡು ಪ್ಲಾಸ್ಟಿಕ್ ಕುರ್ಚಿ. ಮೂಲೆಯಲ್ಲಿ ಅಂಗಡಿಯಿಂದ ತಂದ ದೊಡ್ಡ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ಒರಗಿಸಿದ್ದರು. ಆಕೆ ಚಹಾ ಮಾಡಲು ಎದ್ದರು. ಮೊದಲು ಕೂತು ಕೇಳಿ ಅಂದೆ.

ಹೇಳಿದೆ. ಲ್ಯಾಬು, ಪೊಟ್ಯಾಶಿಯಂ ಎಂದರೆ ಆಕೆಗೆ ಏನು ತಿಳಿಯಬೇಕು. ಕಾಗದವನ್ನು ಮುಂದೆ ಹಿಡಿದು ಬೆರಳಿಟ್ಟು ಓದಿದೆ. ಗುರುವಾರ ಈ ಕಾಗದ ಬಂತು. ರಕ್ತದಲ್ಲಿ ಒಂದು ಉಪ್ಪಿನ ಅಂಶ ಏರಿದೆ, ಈಗಲೇ ಕರೆಸಿ ನೋಡಿ ಅಂತ ಬರೆದಿತ್ತು. ನಾನು ಓದಲಿಲ್ಲ. ಶನಿವಾರ ಹೃದಯ ನಿಂತಿತು. ಅದು ಏರಿದ್ದೂ ನಾನು ಕೊಟ್ಟ ಮಾತ್ರೆಯಿಂದಲೇ ಇರಬೇಕು.

“ನೋಡಿದ್ದಿದ್ರೆ ಬದುಕ್ತಿದ್ರಾ?”

“ಹೆಚ್ಚಾಗಿ ಬದುಕ್ತಿದ್ರು. ಖಂಡಿತ ಅನ್ನೋಕೆ ನನಗೆ ಗೊತ್ತಿಲ್ಲ.”

ಆಕೆ ನನ್ನ ಮುಖ ನೋಡಲಿಲ್ಲ. ಕಾಗದವನ್ನೇ ನೋಡುತ್ತಿದ್ದರು. ಕೂಗುತ್ತಾರೆ, ಹೊರಗೆ ನಡೆ ಅನ್ನುತ್ತಾರೆ ಎಂದು ಕಾದು ಕೂತಿದ್ದೆ.

“ಇದು ಏರಿದ್ರೆ ಕಾಲಲ್ಲಿ ಶಕ್ತಿ ಹೋಗುತ್ತಾ?” ಅಂದರು.

“ಹೋಗುತ್ತೆ. ಯಾಕೆ?”

“ಅವತ್ತು ಬೆಳಿಗ್ಗೆ ಕಾಲಲ್ಲಿ ಜೀವವೇ ಇಲ್ಲ ಕಣೇ, ಇವತ್ತು ಅಂಗಡಿ ಬೇಡ ಅಂದ್ರು. ನಾನೇ ಗದರಿ ಕಳಿಸಿದೆ. ಶನಿವಾರ, ಜನ ಬಂದು ವಾಪಸ್ ಹೋಗ್ತಾರೆ ಅಂತ. ಮಗಳು ಆಗ ಇಲ್ಲೇ ಇದ್ದಳು, ಕೇಳಿಸಿಕೊಂಡಳು. ನೀನೇ ಅಪ್ಪನ್ನ ಕಳಿಸಿ ಸಾಯಿಸಿದೆ ಅಂದಳು. ಅವತ್ತು ಗಂಡನ ಮನೆಗೆ ಹೋದವಳು ಇವತ್ತಿನವರೆಗೂ ನನ್ನ ಫೋನ್ ಎತ್ತಿಲ್ಲ.” ಸೆರಗಿನಿಂದ ಬಾಯಿ ಒತ್ತಿಕೊಂಡರು. “ಹದಿಮೂರು ತಿಂಗಳಾಯ್ತು. ನಾನೂ ಹಾಗೇ ಅಂದ್ಕೊಂಡಿದ್ದೆ ಡಾಕ್ಟ್ರಮ್ಮ. ನಾನೇ ಕೊಂದೆ ಅಂತ.”

ಒಂದು ಸಾವು ಅಂತ ಲೆಕ್ಕ ಹಾಕಿಕೊಂಡು ಬಂದಿದ್ದೆ.

“ಮನೇಲಿ ಮಲಗಿದ್ದಿದ್ರೂ ಅದೇ ಆಗ್ತಿತ್ತು” ಅಂದೆ. “ನೀವು ಅಂಗಡಿಗೆ ಕಳಿಸಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ತಪ್ಪಾದದ್ದು ನನ್ನ ಮೇಜಿನ ಮೇಲೆ.”

ಆಕೆ ಬಹಳ ಹೊತ್ತು ಅತ್ತರು. ನಡುವೆ ಒಮ್ಮೆ, “ನಿಮ್ಮನ್ನ ನಾನು ಕ್ಷಮಿಸಲ್ಲ” ಅಂದರು. ಸರಿ ಅಂದೆ. ಆಮೇಲೆ ಎದ್ದು ಮುಖ ತೊಳೆದುಕೊಂಡು ಬಂದು, ನನ್ನ ಮುಂದೆ ನಿಂತು, “ಇದನ್ನೇ ಅವಳಿಗೆ ಹೇಳ್ತೀರಾ?” ಅಂದರು. “ನನ್ನ ನಂಬರ್ ನೋಡಿದ್ರೆ ಎತ್ತಲ್ಲ. ನಿಮ್ಮದರಿಂದ ಮಾಡಿ.”

ನಂಬರನ್ನು ಬಾಯಿಪಾಠದಿಂದ ಹೇಳಿದರು. ನಾನು ಒತ್ತಿದೆ. ನಾಲ್ಕು ಸಲ ರಿಂಗಾಯಿತು. ಆಕೆ ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದರು.

“ಹಲೋ, ಯಾರು?” ಅಂತು ಒಂದು ಎಳೆಯ ದನಿ.

ನಿಮ್ಮ ತಂದೆಯನ್ನು ನೋಡುತ್ತಿದ್ದ ಡಾಕ್ಟರು ಅಂದೆ. ನಿಮ್ಮ ಅಮ್ಮ ಇಲ್ಲೇ ಪಕ್ಕದಲ್ಲಿದ್ದಾರೆ, ಫೋನ್ ಇಡಬೇಡಿ ಅಂದೆ. ಅವಳು ಇಡಲಿಲ್ಲ. ಕಾಗದವನ್ನು ಮೊಣಕಾಲ ಮೇಲೆ ಬಿಡಿಸಿಕೊಂಡು, ಗುರುವಾರದಿಂದ ಶುರು ಮಾಡಿದೆ.